ಬೀಜ ಉಳಿಸಿದವರು

ಇಂಟರ್‌ನೆಟ್ಟಿಗೆ ಒಮ್ಮೆ ಹಾಕಿದ್ದು ಎಂದೆಂದಿಗೂ ಅಲ್ಲಿರುತ್ತದೆ ಎಂದು ನಂಬುವವರುಂಟು. ಬಿಟ್‌ಟೊರೆಂಟ್ ಬಳಸಿದವರು ಹಾಗೆ ನಂಬಲಾರರು.

ಅಮೆರಿಕದ ಬ್ರಾಮ್ ಕೊಹೆನ್ 2001ರಲ್ಲಿ ಹೊರತಂದ ಈ ಏರ್ಪಾಡಿನಲ್ಲಿ ದೊಡ್ಡ ಕಡತವನ್ನು ನೂರಾರು ಚೂರು ಮಾಡುತ್ತಾರೆ. ಬೇಕಾದವರು ಒಂದೇ ಕಂಪ್ಯೂಟರಿನ ಮುಂದೆ ಸಾಲು ನಿಲ್ಲುವುದಿಲ್ಲ; ತಮ್ಮಲ್ಲಿರುವ ಚೂರನ್ನು ಕೊಟ್ಟು, ಇಲ್ಲದ್ದನ್ನು ಪರಸ್ಪರ ಪಡೆಯುತ್ತಾರೆ. ಕೊಟ್ಟವನಿಗೆ ಬೇಗ ಸಿಗುತ್ತದೆ. ವಿರಳವಾದ ಚೂರನ್ನೇ ಮೊದಲು ಇಳಿಸಿಕೊಳ್ಳುವ ಲೆಕ್ಕಾಚಾರವೂ ಇದೆ.

ಜಾಣ ಏರ್ಪಾಡೇ ಸರಿ. ಆದರೆ ಕಡತ ಪೂರ್ತಿ ಕೈಸೇರಿದ ಮೇಲೂ ಕೊಡುತ್ತಿರಬೇಕೆಂಬ ಕಟ್ಟುಪಾಡು ಇದರಲ್ಲಿಲ್ಲ. ಹಲವರದು ಬಂದ ಪುಟ್ಟ ಹೋದ ಪುಟ್ಟ. ಪೂರ್ತಿ ಪ್ರತಿಯಿಟ್ಟುಕೊಂಡು ಕಂಪ್ಯೂಟರ್ ತೆರೆದಿಡುವವರಿಗೆ ‘ಸೀಡರ್’, ಬೀಜ ಹಾಕುವವರು ಎಂದು ಹೆಸರು. ಇನ್ನುಳಿದವರು ‘ಲೀಚರ್’, ಅಂದರೆ ಜಿಗಣೆಗಳು! ಇದು ತುಸು ಅನ್ಯಾಯದ ಹೆಸರು. ಇಳಿಸಿಕೊಳ್ಳುವಾಗಲೂ ಅವರು ಕೊಡುತ್ತಲೇ ಇರುತ್ತಾರೆ. ಸೀಡರುಗಳೆಲ್ಲ ಎದ್ದುಹೋದ ಮೇಲೆ ಒಂದೇ ಒಂದು ಚೂರು ಉಳಿದವರಲ್ಲಿ ಯಾರ ಬಳಿಯೂ ಇಲ್ಲವೆನ್ನಿ, ಎಲ್ಲರೂ ಶೇಕಡಾ 99ಕ್ಕೆ ಬಂದು ಕಾಯುತ್ತ ಕೂರಬೇಕು.

ನ್ಯೂಜಿಲೆಂಡಿನ ಕೆಲವು ಹವ್ಯಾಸಿಗಳು ‘ದಿ ಮ್ಯಾಟ್ರಿಕ್ಸ್’ ಚಿತ್ರದ ಹುಚ್ಚಿನಲ್ಲಿ ‘ದಿ ಫ್ಯಾನಿಮ್ಯಾಟ್ರಿಕ್ಸ್’ ಎಂಬ ಕಿರುಚಿತ್ರ ತೆಗೆದು, 2003ರ ಸೆಪ್ಟೆಂಬರಿನಲ್ಲಿ ಹೀಗೆ ಹಂಚಿದರು. ಯೂಟ್ಯೂಬ್ ಬರಲು ಇನ್ನೂ ಎರಡು ವರ್ಷವಿತ್ತು. ಅಷ್ಟು ದೊಡ್ಡ ಕಡತವನ್ನು ಸ್ವಂತ ತಾಣದಿಂದ ಸಾವಿರಾರು ಜನಕ್ಕೆ ಕಳಿಸುವುದು ಹವ್ಯಾಸಿಗಳ ಜೇಬಿಗೆ ಆಗುವ ಮಾತಲ್ಲ. 20 ವರ್ಷ ಕಳೆದು 2023ರಲ್ಲೂ ಅದೇ ಟೊರೆಂಟ್ ಇಳಿಯುತ್ತಿತ್ತು. ಕೆಲವರು ತಮ್ಮ ಪ್ರತಿಯನ್ನು ಅಳಿಸದೆ, ಕಂಪ್ಯೂಟರನ್ನು ಆರಿಸದೆ ಬಿಟ್ಟಿದ್ದರು.