ಕಲೆಯಿಲ್ಲದ ಗೊಂಚಲಿಗೆ ಬೆಲೆ ತೆರುವವರು ಯಾರು?

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ದ್ರಾಕ್ಷಿಯ ಸುಗ್ಗಿ ಬಂದಾಗ ಗಿರಾಕಿಗಳ ಕೈ ಒಂದೇ ರೀತಿ ಆಡುತ್ತದೆ. ಗೊಂಚಲನ್ನು ಎತ್ತುತ್ತಾರೆ, ಬೆಳಕಿಗೆ ಹಿಡಿದು ತಿರುಗಿಸುತ್ತಾರೆ, ನಾಲ್ಕು ಕಾಳುಗಳ ಮೇಲೆ ಕಲೆ ಕಂಡರೆ ಸಾಕು, ಕೆಳಗಿಟ್ಟು ಪಕ್ಕದ ಬುಟ್ಟಿಗೆ ಹೋಗುತ್ತಾರೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಚಪ್ಪರಗಳ ಕೆಳಗೆ ಎಷ್ಟು ಸಲ ಔಷಧಿ ಹೊಡೆಯಬೇಕು ಎಂಬ ಲೆಕ್ಕ ಅರ್ಧದಷ್ಟು ಇಲ್ಲಿಯೇ ತೀರ್ಮಾನವಾಗುತ್ತದೆ. ತೋಟದ ಹುಳು, ರೋಗ ಬೆಳೆಗಾರನ ತಲೆನೋವು, ಹಣ್ಣು ತಿನ್ನುವವರಿಗೆ ಅದರ ಗೊಡವೆಯಿಲ್ಲ ಎಂದು ನಗರ ನಂಬಿಕೊಂಡಿದೆ. ಈ ನಂಬಿಕೆ ಪೂರ್ತಿ ತಪ್ಪು.

ಬೆಂಗಳೂರು ನೀಲಿ ದ್ರಾಕ್ಷಿಯನ್ನೇ ನೋಡಬಹುದು. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ತಳಿಯಲ್ಲಿ ಅಮೆರಿಕದ ಕಾಡುದ್ರಾಕ್ಷಿಯ ರಕ್ತವಿದೆ. ಆ ಕಾರಣಕ್ಕೆ ಚಿಬ್ಬು ರೋಗ, ತುಕ್ಕು ರೋಗಗಳನ್ನು ಅದು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ; ಸೋಲುವುದು ಬೆಳೆಗಾರರು ‘ಡೌನಿ’ ಎಂದು ಕರೆಯುವ ಬೂಜು ರೋಗಕ್ಕೆ. ಆದರೆ ಅದಕ್ಕೆ ಬೀಜವಿದೆ, ಸಿಪ್ಪೆ ಬಿಟ್ಟುಕೊಳ್ಳುತ್ತದೆ, ಹುಳಿ ತುಸು ಮುಂದು. ನಗರದ ನಾಲಿಗೆ ಬೀಜವಿಲ್ಲದ, ಉದ್ದನೆಯ, ಗರಿಗರಿ ಕಾಳುಗಳ ಕಡೆ ವಾಲಿದೆ. ಆ ಯುರೋಪಿಯನ್ ಜಾತಿಯ ತಳಿಗಳು ಡೌನಿಗೂ ಬೂದಿರೋಗಕ್ಕೂ ಚಿಬ್ಬಿಗೂ ಸುಲಭದ ತುತ್ತು. ರುಚಿ ಬದಲಾದಂತೆ ಸಿಂಪಡಣೆಯ ಪಟ್ಟಿಯೂ ಬೆಳೆಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ನೀಲಿಯನ್ನು ಬೇರೆ ತಳಿಗಳೊಡನೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ಹಂಸ್ ಮುಂತಾದವನ್ನು ರೂಪಿಸಿತು. ಆದರೆ ಮಾರುಕಟ್ಟೆ ಕೇಳದ ಹಣ್ಣನ್ನು ಯಾವ ರೈತ ಬೆಳೆದಾನು?

ಹಾಗೆಂದು ಔಷಧಿಯೇ ಬೇಡ ಎನ್ನುವುದು ಪಟ್ಟಣದಲ್ಲಿ ಕುಳಿತವರ ಸುಲಭದ ಮಾತು. 1870ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಬಂದ ಡೌನಿ ರೋಗ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಬೋಳಾಗಿಸುತ್ತಿದ್ದಾಗ, ದಾರಿಹೋಕರು ಹಣ್ಣು ಕೀಳದಿರಲೆಂದು ಮೈಲುತುತ್ತ ಮತ್ತು ಸುಣ್ಣ ಬಳಿದಿದ್ದ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಮಿಲಾರ್ದೆ ಎಂಬ ವಿಜ್ಞಾನಿ ಗಮನಿಸಿದರು. 1885ರ ಹೊತ್ತಿಗೆ ಬೋರ್ಡೋ ದ್ರಾವಣ ಸಿದ್ಧವಾಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದೇ ದ್ರಾವಣವನ್ನು ಮಲೆನಾಡಿನ ಅಡಿಕೆ ಕೊಳೆರೋಗದ ಮೇಲೆ ಪ್ರಯೋಗಿಸಿ ತೋಟಗಳನ್ನು ಉಳಿಸಿದರು. ಕೊಳೆರೋಗ ಕಾಣಿಸಿಕೊಂಡ ಮೇಲೆ ಓಡಾಡಿ ಫಲವಿಲ್ಲ, ಮಳೆ ಹಿಡಿಯುವ ಮೊದಲೇ ಗೊನೆಗೆ ದ್ರಾವಣ ತಾಗಬೇಕು ಎಂಬ ಅರಿವನ್ನು ಮಲೆನಾಡು ಇಂದಿಗೂ ಬಿಟ್ಟಿಲ್ಲ. ದ್ರಾಕ್ಷಿಗೂ ಇದೇ ಮಾತು. ಅಕ್ಟೋಬರಿನಲ್ಲಿ ಬಳ್ಳಿ ಸವರಿದ ಮೇಲೆ ಹಿಂಗಾರು ಮಳೆ ಬಿದ್ದು ಎಳೆಯ ಎಲೆಗಳು ರಾತ್ರಿಯಿಡೀ ಒದ್ದೆಯಾಗಿದ್ದರೆ ಡೌನಿ ಬರುವುದು ಹೆಚ್ಚುಕಡಿಮೆ ಖಚಿತ. ಆ ವಾರದ ಒಂದು ಸಿಂಪಡಣೆ ಮುಂದಿನ ಹತ್ತನ್ನು ಉಳಿಸಬಲ್ಲದು.

ಕೀಟಗಳ ಕಥೆ ಬೇರೆ. ಬೆಂಗಳೂರು ಸುತ್ತಿನ ದ್ರಾಕ್ಷಿಯನ್ನು ಹೆಚ್ಚು ಕಾಡುವುದು ಹಿಟ್ಟು ತಿಗಣೆ. ಅದು ಸಡಿಲ ತೊಗಟೆಯ ಕೆಳಗೆ ಅಡಗುತ್ತದೆ, ಮೈಮೇಲೆ ಮೇಣದ ಹೊದಿಕೆ ಬೇರೆ. ಮೇಲಿಂದ ಹೊಡೆದ ಔಷಧಿ ಬಹುಪಾಲು ಜಾರಿಹೋಗುತ್ತದೆ. ತಿಗಣೆ ಒಸರುವ ಸಿಹಿಯ ಆಸೆಗೆ ಇರುವೆಗಳು ಕಾವಲು ನಿಂತು ಶತ್ರುಕೀಟಗಳನ್ನು ಓಡಿಸುತ್ತವೆ. ಸಿಂಪಡಣೆಯಿಂದ ಮೊದಲು ಸಾಯುವುದು ತಿಗಣೆಯನ್ನು ತಿನ್ನುವ ಹುಳುಗಳೇ. ಕೆಲವು ವಾರಗಳಲ್ಲಿ ತಿಗಣೆ ಮೊದಲಿಗಿಂತ ದಟ್ಟವಾಗಿ ಮರಳುತ್ತದೆ, ರೈತ ಇನ್ನಷ್ಟು ಘಾಟಿನ ಡಬ್ಬಿ ಹುಡುಕುತ್ತಾನೆ.

ಇದಕ್ಕೆ ಉತ್ತರ ನೂರು ವರ್ಷಕ್ಕೂ ಹಿಂದೆಯೇ ದಕ್ಷಿಣ ಭಾರತಕ್ಕೆ ಬಂದಿತ್ತು. ಕಾಫಿಯ ಹಸಿರು ಶಲ್ಕಕೀಟವನ್ನು ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ ಗುಲಗಂಜಿ ಹುಳು ಕ್ರಿಪ್ಟೊಲೀಮಸ್, ಕಾಫಿಗಿಂತ ಹಿಟ್ಟು ತಿಗಣೆಯ ಮೇಲೆಯೇ ಹೆಚ್ಚು ಕೈ ತೋರಿಸಿತು. ಸಿಹಿಗುಂಬಳದ ಮೇಲೆ ತಿಗಣೆ ಬೆಳೆಸಿ, ಅದರ ಮೇಲೆ ಈ ಹುಳು ಸಾಕುವ ಕ್ರಮವನ್ನು ಬೆಂಗಳೂರಿನ ಪ್ರಯೋಗಾಲಯಗಳು ರೂಢಿಸಿಕೊಂಡವು. ಬಳ್ಳಿಗೆ ಹತ್ತರಂತೆ ಬಿಟ್ಟರೆ ಹತೋಟಿ ಸಾಧ್ಯವೆಂದು 1980ರ ದಶಕದ ಪ್ರಯೋಗಗಳು ತೋರಿಸಿವೆ. ಆದರೆ ಅದರ ಮರಿಯೂ ಬಿಳಿ ಹಿಟ್ಟು ಹೊದ್ದು ತಿಗಣೆಯಂತೆಯೇ ಕಾಣುವುದರಿಂದ, ಗೊತ್ತಿಲ್ಲದವರು ಸಹಾಯಕನನ್ನೇ ಹೊಸಕಿ ಹಾಕುತ್ತಾರೆ. 2008ರಲ್ಲಿ ತಮಿಳುನಾಡಿನಲ್ಲಿ ಪತ್ತೆಯಾಗಿ ಕರ್ನಾಟಕದ ಪಪ್ಪಾಯಿ, ಹಿಪ್ಪುನೇರಳೆಗೂ ಹಬ್ಬಿದ ಪಪ್ಪಾಯಿ ಹಿಟ್ಟು ತಿಗಣೆಯನ್ನು ಮಣಿಸಿದ್ದೂ ಕೀಟವೇ. ಬಳ್ಳಾರಿ ರಸ್ತೆಯ ಕೇಂದ್ರೀಯ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಬಗೆಯ ಪುಟ್ಟ ಕಣಜಗಳನ್ನು ತರಿಸಿ ಬಿಟ್ಟಿತು. ಅವುಗಳಲ್ಲಿ ಒಂದು, ಅಸಿರೋಫೇಗಸ್ ಪಪಾಯೆ, ಅದ್ಭುತವಾಗಿ ನೆಲೆಯೂರಿತು. ಸಿಂಪಡಣೆ ನಿಂತ ತೋಟಗಳಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಇಂದಿರಾನಗರದ ಮನೆಗಳಿಗೂ ಇದರಲ್ಲಿ ಪಾಲಿದೆ. ದ್ರಾಕ್ಷಿಯ ಹಿಟ್ಟು ತಿಗಣೆಯೂ ಕಾಂಪೌಂಡಿನ ದಾಸವಾಳದ ಹಿಟ್ಟು ತಿಗಣೆಯೂ ಒಂದೇ ಜಾತಿ. ಬೇಲಿಗೆ ಸಿಕ್ಕಿದ್ದನ್ನೆಲ್ಲ ಸಿಂಪಡಿಸುವ ಮನೆಯವರು ಬೀದಿಯ ಗುಲಗಂಜಿ ಹುಳುಗಳನ್ನೂ ಕೊಂದಂತೆಯೇ.

ಹಲಸೂರು, ಕೆ.ಆರ್. ಪುರ ದಾಟಿ ಹಳೇ ಮದರಾಸು ರಸ್ತೆಯಲ್ಲಿ ಕೋಲಾರದ ಕಡೆ ಹೋದರೆ ಮಾವಿನ ನಾಡು. ಅಲ್ಲಿ ಹಣ್ಣು ನೊಣ ಮಾಗುವ ಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ. ಒಳಗೆ ಸೇರಿದ ಹುಳುವಿಗೆ ಹೊರಗಿನ ಔಷಧಿ ತಲುಪುವುದಿಲ್ಲ. ಗಂಡು ನೊಣವನ್ನು ಸೆಳೆಯುವ ಮೋಹಕ ಬಲೆಗಳಿವೆ, ಉದುರಿದ ಹಣ್ಣನ್ನು ಹೂಳುವ ಕ್ರಮವಿದೆ. ಆದರೆ ಒಬ್ಬನೇ ಬಲೆ ಕಟ್ಟಿ ಪಕ್ಕದ ತೋಪಿನವರು ಸುಮ್ಮನಿದ್ದರೆ ನೊಣ ಅಲ್ಲಿಂದ ಬರುತ್ತದೆ. ಊರಿಗೆ ಊರೇ ಕಟ್ಟಬೇಕು. 2014ರಲ್ಲಿ ಯುರೋಪ್ ಒಕ್ಕೂಟ ಈ ನೊಣದ ಕಾರಣಕ್ಕೇ ಭಾರತದ ಮಾವನ್ನು ತಡೆದು, ಮರುವರ್ಷ ತೆರವುಗೊಳಿಸಿತು. 2010ರಲ್ಲಿ ರಾಸಾಯನಿಕ ಶೇಷಾಂಶ ಸಿಕ್ಕಿ ನಮ್ಮ ದ್ರಾಕ್ಷಿಯ ಕಂಟೇನರುಗಳನ್ನು ಯುರೋಪಿನ ಬಂದರುಗಳು ತಡೆದವು. ಆ ಪೆಟ್ಟುಗಳ ನಂತರ ರಫ್ತಿನ ಹಣ್ಣಿಗೆ ತಪಾಸಣೆ ಬಿಗಿಯಾಯಿತು. ರಸೆಲ್ ಮಾರುಕಟ್ಟೆಯ ಬುಟ್ಟಿಗೆ ಅಂಥ ಬಿಗಿ ಏಕೆ ಬೇಡ? ವಿದೇಶದ ಗಿರಾಕಿಯ ಆರೋಗ್ಯಕ್ಕೆ ಇರುವ ಕಾಳಜಿ ಶಿವಾಜಿನಗರದ ಮಗುವಿಗೂ ಸಲ್ಲಬೇಕು.

ಇದಕ್ಕೆ ಬೇಕಾದ ಏರ್ಪಾಡು ನಗರದಲ್ಲೇ ಇದೆ. ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ, ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಮಳಿಗೆಗಳಲ್ಲಿ ಪ್ರತಿ ಕ್ರೇಟಿನ ಮೇಲೆ ಕೊನೆಯ ಸಿಂಪಡಣೆಯ ತಾರೀಖು, ಔಷಧಿಯ ಹೆಸರು ಬರೆಸಬಹುದು. ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಬಿಟ್ಟ ಬೆಳೆಗಾರನಿಗೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚು ಕೊಡಬಹುದು. ಇದು ಸಂಘದ ಕೆಲಸ, ಸರ್ಕಾರದ ಕೆಲಸ. ಓದುಗರಿಗೆ ಇರುವ ಕೆಲಸ ಇನ್ನೂ ಸರಳ: ಮುಂದಿನ ಸಲ ಗೊಂಚಲಿನ ಮೇಲಿನ ಸಣ್ಣ ಕಲೆ ಕಂಡು ಕೈ ಹಿಂದೆಗೆಯಬೇಡಿ. ಬೀಜವಿರುವ ನೀಲಿ ದ್ರಾಕ್ಷಿ ಸಿಕ್ಕರೆ ಅದನ್ನೇ ಕೊಳ್ಳಿ. ಕೊನೆಯ ಔಷಧಿ ಯಾವಾಗ ಹೊಡೆದದ್ದು ಎಂದು ಕೇಳಿ. ಇಂದು ಮಾರುವವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ, ದಿನಕ್ಕೆ ಹತ್ತು ಜನ ಕೇಳಿದರೆ ಗೊತ್ತು ಮಾಡಿಕೊಳ್ಳುತ್ತಾನೆ.