ಪುನರಾವರ್ತನೆಗೂ ಕನ್ನಡ ಬೇಕು

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಮಧ್ಯಾಂಕ, ಬಹುಲಕ, ಸಂಭವನೀಯತೆ ಗೊತ್ತು. ಪಿಯು ವಿಜ್ಞಾನಕ್ಕೆ ಸೇರುತ್ತಿದ್ದಂತೆ ಅವೇ ಮೀಡಿಯನ್, ಮೋಡ್, ಪ್ರಾಬಬಿಲಿಟಿ ಆಗುತ್ತವೆ. ಲೆಕ್ಕ ಬರುವ ಮಕ್ಕಳೂ ಪದ ತಿಳಿಯದೆ ಹಿಂದೆ ಬೀಳುತ್ತಾರೆ.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಸಂಜೆ ಹೊತ್ತು ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಇದನ್ನು ದಿನವೂ ನೋಡುತ್ತಿದ್ದೇನೆ. ಕೋಚಿಂಗ್ ಶುಲ್ಕ ಎಲ್ಲ ಮನೆಗೂ ಎಟುಕದು. ಹಾಗೆಂದು ಸಾಮಗ್ರಿಗೇನೂ ಬರವಿಲ್ಲ. ಎನ್‌ಸಿಇಆರ್‌ಟಿ ಗಣಿತ ಪುಸ್ತಕಗಳು ಮೊಬೈಲ್‌ನಲ್ಲೇ ಉಚಿತವಾಗಿ ಸಿಗುತ್ತವೆ. ಇಲಾಖೆಯ ಮಾದರಿ ಪ್ರಶ್ನೆಪತ್ರಿಕೆಗಳೂ ಇವೆ. ಕೊರತೆ ಇರುವುದು ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಸಾಮಗ್ರಿಗೆ.

ನಾನು ಮಕ್ಕಳಿಂದ ಪ್ರತಿ ಅಧ್ಯಾಯಕ್ಕೂ ಒಂದು ಹಾಳೆ ಬರೆಸುತ್ತೇನೆ: ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಸೂತ್ರ, ಬಿಡಿಸಿದ ಒಂದು ಲೆಕ್ಕ. ವಿಡಿಯೊ ನೋಡಿ ತಲೆಯಾಡಿಸಿದರೆ ಗಣಿತ ಬಾರದು. ಉತ್ತರ ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟು ಹಳೆಯ ಪತ್ರಿಕೆ ಬಿಡಿಸಬೇಕು. ಬ್ಯಾಂಕ್ ಪರೀಕ್ಷೆಗೆ ಓದುವವರಿಗೂ ಇದೇ ದಾರಿ.

1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅಂಥವರು ಹುಟ್ಟಿದ ನಾಡಿನ ಮಕ್ಕಳಿಗೆ ಭಾಷೆಯ ಕಾರಣಕ್ಕೆ ಆ ಶಾಸ್ತ್ರ ದೂರವಾಗಬಾರದು. ಇಲಾಖೆಯು ಅಧ್ಯಾಯವಾರು ದ್ವಿಭಾಷಾ ಕೈಪಿಡಿಯನ್ನು ಪ್ರತಿ ವಿದ್ಯಾರ್ಥಿಗೂ ತಲುಪಿಸಲಿ. ಅಲ್ಲಿಯವರೆಗೆ, ಪದವಿ ಓದುತ್ತಿರುವ ನಾವು ಹಳೆಯ ನೋಟ್ಸನ್ನು ತೂಕಕ್ಕೆ ಹಾಕದೆ ಬೀದಿಯ ಕಿರಿಯರ ಕೈಗೆ ಕೊಡೋಣ.