ಗೋಡೆಯ ಮೇಲೆ ಬರಲಿ ನೋವು

ಬೆಂಗಳೂರಿನಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಸಿದ್ದ ಕಲಾವಿದೆ ರುಮಾನಾ ಹುಸೇನ್ ಸ್ತನ ಕ್ಯಾನ್ಸರ್‌ನಿಂದ 1999ರಲ್ಲಿ ತೀರಿಕೊಂಡರು. ಅದೇ ವರ್ಷ ಅವರು ರಚಿಸಿದ ‘ಎ ಸ್ಪೇಸ್ ಫಾರ್ ಹೀಲಿಂಗ್’ ಎಂಬ ಕಲಾಕೃತಿ ಆಸ್ಪತ್ರೆಯ ಕೋಣೆಯಂತೆಯೂ ಪ್ರಾರ್ಥನೆಯ ತಾಣದಂತೆಯೂ ಕಾಣುತ್ತದೆ. ಮುಚ್ಚಿಡಬೇಕೆಂದು ಕಲಿಸಿದ ಕಾಯಿಲೆಯನ್ನು ಅವರು ಎಲ್ಲರ ಕಣ್ಣೆದುರು ಇಟ್ಟರು.

ಆ ಧೈರ್ಯ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ನಮ್ಮ ಮಸರಕಲ್‌ಗೂ ಬೇಕು. ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹತ್ತಿ ಬಿಡಿಸುವ ಹೆಣ್ಣುಮಗಳು ದೊಡ್ಡ ಆಸ್ಪತ್ರೆಗೆ ರಾಯಚೂರಿಗೆ ಹೋದರೆ ಆ ದಿನದ ಕೂಲಿಯೂ ಹೋಯಿತು. ಹಾಗಾಗಿ ಸೊಂಟನೋವು, ಬಿಳಿಸೆರಗು, ತಲೆಸುತ್ತು ಎಲ್ಲವೂ ‘ಹೆಂಗಸರಿಗೆ ಇದ್ದದ್ದೇ’ ಎಂಬ ಮಾತಿನೊಳಗೆ ಅಡಗಿಹೋಗುತ್ತವೆ.

ನಮ್ಮ ಭಾಗದ ಹೆಂಗಸರ ಕೈಯಲ್ಲೇ ಕಲೆ ಇದೆ. ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಅವರು ಕೌದಿ ಹೊಲಿಯುತ್ತಾರೆ. ಹೆರಿಗೆಯ, ಮುಟ್ಟಿನ, ಆಸ್ಪತ್ರೆಯ ಬಾಗಿಲಲ್ಲಿ ಕಾದ ದಿನಗಳ ಕಥೆ ಅದೇ ಕೌದಿಯಲ್ಲಿ ಮೂಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂಗನವಾಡಿಯ ಗೋಡೆಗಳು ಅದಕ್ಕೆ ಜಾಗ ಕೊಡಲಿ. ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಖರ್ಚಿಲ್ಲ.

ಕೌದಿಯ ಚಿತ್ರದಿಂದ ರಕ್ತ ಹೆಚ್ಚುವುದಿಲ್ಲ, ಖಾಲಿ ಇರುವ ವೈದ್ಯರ ಹುದ್ದೆಯೂ ತುಂಬುವುದಿಲ್ಲ. ಆ ಎರಡೂ ಸರ್ಕಾರದ ಹೊಣೆ. ಆದರೆ ಗೋಡೆಯ ಮೇಲಿನ ನೋವನ್ನು ಕಾಣಲಿಲ್ಲವೆಂದು ಯಾರೂ ಹೇಳಲಾರರು.